ತೆರೆದೇ ಉಳಿದ ಗೇಟು

ಕಬ್ಬಿಣದ ಚಕ್ರದ ಮೇಲೆ ಒಂದು ಕೆಂಪು ಟವೆಲು. ನಮ್ಮೂರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಅದೇ ನಮ್ಮ ಕಾಯಿದೆ ಪುಸ್ತಕ. ಶನಿವಾರ ಶನಿವಾರ ಜಾಲರಿಯ ಕಸ ತೆಗೆಯುವಾಗ ಆ ಚಕ್ರ ತಿರುಗಿಸಿ ಗೇಟು ಎತ್ತುತ್ತಿದ್ದೆವು. ಕೊಳಚೆ ಪಕ್ಕದ ಹೊಂಡಕ್ಕೆ ಹೋಗುತ್ತಿತ್ತು. ಅರ್ಧ ತಾಸಿನಲ್ಲಿ ಗೇಟು ಇಳಿಸದಿದ್ದರೆ ಹೊಂಡ ತುಂಬಿ ಎಲ್ಲವೂ ನೇರ ನದಿಗೆ. ಗೇಟು ಎತ್ತಿದವನು ತನ್ನ ಟವೆಲನ್ನು ಚಕ್ರಕ್ಕೆ ಹಾಕಬೇಕು, ಇಳಿಸಿದ ಮೇಲೆಯೇ ತೆಗೆಯಬೇಕು. ಟವೆಲು ಇಲ್ಲದ ಚಕ್ರವನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಗೇಟು ಎತ್ತಿದವನು ನಾನು. ಹನ್ನೆರಡಕ್ಕೆ ಬುತ್ತಿ ಬಿಚ್ಚಿ ಕೂತಾಗ ಜತೆಗಾರ ಈರಬಸಪ್ಪ ಛೇಡಿಸಿದ: "ಏನಪಾ, ಮುಂಜಾನಿಂದ ಆ ಟವೆಲ್ಲು ಹೆಗಲ ಮ್ಯಾಲಿಂದ ಇಳಿಸೇ ಇಲ್ಲಲ್ಲ! ಮಾವ ಕೊಟ್ಟ ಜರತಾರಿ ಶಲ್ಯೇನು?"

ಹೆಗಲು ಮುಟ್ಟಿ ನೋಡಿಕೊಂಡೆ. ಕಸ ಎತ್ತಿ ಬೆವರಿದಾಗ ಮೈಮರೆತು ಟವೆಲನ್ನು ಚಕ್ರದಿಂದ ತೆಗೆದು ಮುಖ ಒರೆಸಿಕೊಂಡಿದ್ದೆ. ಹಾಗೇ ಹೆಗಲಿಗೆ ಹಾಕಿಕೊಂಡಿದ್ದೆ. ಗೇಟು ಇಳಿಸಿರಲಿಲ್ಲ.

ಓಡಿಹೋಗಿ ಇಳಿಸಿದೆ. ಏನು ಬಂತು? ನಮ್ಮಲ್ಲಿಂದ ಹೊರಟ ನೀರು ಕೆಳಗಿನ ಹಳ್ಳಿ ಮುಟ್ಟಲು ಮೂರು ತಾಸು ಸಾಕು; ಆಗಲೇ ಮುಟ್ಟಿರಬೇಕು. ಆ ಹಳ್ಳಿಯವರು ಕುಡಿಯುವುದು ಅದೇ ನದಿಯ ನೀರು. ಈರಬಸಪ್ಪನ ಸೈಕಲ್ಲು ಹತ್ತಿ ಹೊರಟೆ. ದಾರಿಯುದ್ದಕ್ಕೂ ಪಕ್ಕದಲ್ಲಿ ನದಿ, ಅದರ ಮೇಲೆ ಕಪ್ಪು ನೊರೆ. ಯಾರೂ ಕುಡಿಯದಿರಲಿ ತಂದೆ ಎಂದು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಹಳ್ಳಿ ಮುಟ್ಟಿದಾಗ ಪಂಪ್‌ಮನೆಯ ನಲ್ಲಿಗೆ ಬೊಗಸೆ ಒಡ್ಡಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಗಟಗಟ ಕುಡಿಯುತ್ತಿದ್ದಳು.

"ಕುಡೀಬ್ಯಾಡ!" ಎಂದು ಕಿರುಚಿದೆ.

ಪಂಪು ನಡೆಸುವ ಮುದುಕಿ ನೀಲಗಂಗವ್ವ ಹೊರಗೆ ಬಂದಳು. "ಯಾಕೋ ತಮ್ಮಾ? ಆಕಿ ನನ್ನ ಮೊಮ್ಮಗಳು."

"ಪಂಪ್ ಬಂದ್ ಮಾಡ್ರಿ ಅವ್ವಾರ! ಹೊಳ್ಯಾಗ ಗಟಾರದ ನೀರು ಬಂದೈತಿ!"

ಆಕೆ ಪಂಪು ನಿಲ್ಲಿಸಿ, ಟ್ಯಾಂಕಿನ ನೀರನ್ನೆಲ್ಲ ಹೊರಗೆ ಬಿಟ್ಟು, ಊರಿಗೆ ಡಂಗುರ ಹೊಡೆಸಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದಳು. "ದೇವರು ಬಂದಂಗ ಬಂದಿ ನೋಡಪಾ. ಊರು ಉಳಿಸಿದಿ."

ನಾನು ಸುಮ್ಮನಿದ್ದೆ. ಥೂ, ಆ ಮೌನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಸಂಜೆಗೆ ಹುಡುಗಿಗೆ ವಾಂತಿಭೇದಿ ಹಿಡಿಯಿತು. ಮೂರು ದಿನ ಆಸ್ಪತ್ರೆಯಲ್ಲಿ ಅವಳ ಮಂಚದ ಕಾಲ ಬಳಿ ಕೂತೆ. ಅವಳ ಕಣ್ಣು ಗುಳಿಬಿದ್ದಿದ್ದವು, ತುಟಿ ಬಿರಿದಿತ್ತು. ಉಸಿರು ತುಸು ತಡವಾದರೂ ಎದ್ದು ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದೆ. ನೀಲಗಂಗವ್ವನೋ, ಬಂದವರಿಗೆಲ್ಲ ನನ್ನನ್ನು ತೋರಿಸಿ ಹೊಗಳುತ್ತಿದ್ದಳು. ನಾಲ್ಕನೆಯ ದಿನ ಹುಡುಗಿ ಗಂಜಿ ಬೇಡಿದಳು. ಆಗ ನನಗೆ ತಡೆಯಲಾಗಲಿಲ್ಲ.

"ಅವ್ವಾರ, ಗಟಾರದ ಗೇಟು ತಗದು ಬಿಟ್ಟಾಂವ ನಾನ."

ಆಕೆ ಮೊಮ್ಮಗಳ ಹೊದಿಕೆ ಸರಿಮಾಡಿದಳು. ಬೈಯಲಿಲ್ಲ. "ಈಗ ಹೋಗು. ಬರೂ ಶನಿವಾರ ಗೇಟು ಇಳಿಸಿ ಬಾ," ಎಂದಳು.

ಹೋದೆ. ಪಂಪ್‌ಮನೆಯ ನಲ್ಲಿ ತಿರುಗಿಸಿ ಲೋಟ ತುಂಬಿ ನನ್ನ ಮುಂದೆ ಹಿಡಿದಳು. "ಮೊದಲ ನೀ ಕುಡಿ. ಆಮ್ಯಾಲ ನಮ್ಮ ಮಕ್ಕಳು."

ನಿವೃತ್ತನಾಗುವವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಹೋಗಿ ಕುಡಿದೆ. ನಾನು ಲೋಟ ಎತ್ತಿದಾಗ ಹೆಂಗಸರು ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಲೋಟ ಬರಿದಾಗುವವರೆಗೆ ಯಾರೂ ತಮ್ಮ ಕೊಡವನ್ನು ನಲ್ಲಿಗೆ ಇಡುತ್ತಿರಲಿಲ್ಲ.