ಆರು ಮುಖದ ಸೊಳ್ಳೆಪರದೆ

ಜಯನಗರದ ಹೊಸ ಮನೆಗೆ ಬಂದು ತಿಂಗಳಾಗಿತ್ತು. ಮದುವೆಯಾದ ಮೇಲೆ ಮೊದಲ ಸಲ ಅಡುಗೆಮನೆಯಲ್ಲಿ ನಾನೊಬ್ಬಳೇ. ಹುಳಿಗೆ ಉಪ್ಪು ಎಷ್ಟು ಅಂತ ಹೇಳುವವರಿಲ್ಲ. ಸ್ವರ್ಗ! ಅದಕ್ಕೆ ಕಲ್ಲು ಹಾಕುವಂತೆ ಬಸವನಗುಡಿಯ ದೊಡ್ಡಮನೆಯಿಂದ ಅತ್ತೆ ಹೇಳಿಕಳಿಸಿದರು: "ಭಾನುವಾರ ಬಂದು ನೋಡ್ತೀನಿ. ಸೊಳ್ಳೆ ಜಾಸ್ತಿ ಇದ್ರೆ ಆ ಮನೆ ಬಾಡಿಗೆಗೆ ಕೊಟ್ಟು ವಾಪಸ್ ಬಂದ್ಬಿಡಿ."

ಸೊಳ್ಳೆಗಳೋ, ಹಾಡುಹಗಲಲ್ಲೇ ಮನುಷ್ಯರನ್ನು ಹೊತ್ತೊಯ್ಯುವಂಥವು. ಪರದೆ ಹೊಲಿಯಲು ಬಟ್ಟೆ ಎಷ್ಟು ಬೇಕು ಅಂತ ನಮ್ಮವರನ್ನು ಕೇಳಿದೆ. ಹೆಸರು ಜಯಸಿಂಹ, ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಕೇಳಿದ್ದೇ ತಪ್ಪಾಯಿತು. ರಂಗೋಲಿ ಪುಡಿ ಹಿಡಿದು ನಡುಮನೆಯಲ್ಲಿ ಕೂತು, ಸಾಲಾಗಿ ನಾಲ್ಕು ಆಯತ, ಮೇಲೊಂದು, ಕೆಳಗೊಂದು ಬರೆದರು.

"ಇದಕ್ಕೆ ನೆಟ್ ಅಂತಾರೆ. ಪೆಟ್ಟಿಗೆ ಆಕಾರದ ಪ್ರಿಸಂ ಬಿಚ್ಚಿ ನೆಲಕ್ಕೆ ಹಾಸಿದ ಹಾಗೆ."

"ಪರದೆಗೂ ನೆಟ್ಟೇ, ಲೆಕ್ಕಕ್ಕೂ ನೆಟ್ಟೇನಾ?"

"ಉದ್ದ ಆರಡಿ, ಅಗಲ ಮೂರು, ಎತ್ತರ ನಾಲ್ಕು. ಒಟ್ಟು ನೂರೆಂಟು ಚದರಡಿ."

"ಕೆಳಗಿನದು ಯಾಕ್ರೀ? ಅಲ್ಲಿ ಹಾಸಿಗೆ ಇರುತ್ತಲ್ಲ. ತೊಂಬತ್ತು ಸಾಕು."

"ಪ್ರಿಸಂಗೆ ಆರು ಮುಖ ಕಣೇ! ಒಂದು ಬಿಟ್ಟ ಹುಡುಗರಿಗೆ ಸೊನ್ನೆ ಕೊಡೋನು, ನಾನೇ ಬಿಡ್ಲಾ?"

ಹಟಕ್ಕೆ ಮದ್ದಿಲ್ಲ. ಆರೂ ಹೊಲಿದೆ. ಒಳಗೆ ಹೋಗುವುದು ಹೇಗೆ ಅಂದಾಗ ಪೆಚ್ಚಾಗಿ, ಒಂದು ಬದಿಯ ಹೊಲಿಗೆ ಬಿಚ್ಚಿಸಿ ಗುಂಡಿ ಇಡಿಸಿದರು.

ಭಾನುವಾರ ಊಟವಾದ ಮೇಲೆ ಅತ್ತೆ ಪರದೆ ನೋಡಿ ಮೂಗು ಮುರಿದರು.

"ನೂರೆಂಟು ಚದರಡಿ ಅಮ್ಮ," ಅಂದರು ಇವರು.

"ನೂರೆಂಟಾ? ಅಷ್ಟೋತ್ತರ!" ಅಂತ ಅತ್ತೆ ಕೈಮುಗಿದು ಒಳಗೆ ನುಸುಳಿ ಮಲಗಿದರು. ಇವರು ಹೊರಗಿನಿಂದ ಗುಂಡಿ ಹಾಕಿದರು.

ಕಾಫಿ ಹೊತ್ತಿಗೆ ಒಳಗಿಂದ ಕೂಗು: "ಬಾಗಿಲು ಎಲ್ಲೋ?" ಓಡಿಹೋಗಿ ನೋಡಿದರೆ ಅತ್ತೆಯ ತುರುಬು ಬಿಚ್ಚಿದೆ, ಪರದೆ ತಲೆಗೆ ಸುತ್ತಿಕೊಂಡಿದೆ. ನನ್ನ ಮನೆ ಹೋಯಿತು ಅಂದುಕೊಂಡೆ. ಗುಂಡಿ ಬಿಚ್ಚಿದೆ.

ಹೊರಬಂದ ಅತ್ತೆಯ ಮುಖ ಅರಳಿತ್ತು. "ಒಂದು ಸೊಳ್ಳೆ ಇಲ್ಲ ಕಣೋ! ಮಂಚದ ಕೆಳಗಿಂದ್ಲೂ ಬರಲಿಲ್ಲ. ಬಸವನಗುಡೀಲಿ ಇಂಥ ನಿದ್ದೆ ಎಲ್ಲಿ? ನೀವು ವಾಪಸ್ ಬರೋದು ಬೇಡ."

ಮನಸ್ಸಿನಲ್ಲೇ ದೇವರಿಗೆ ಅಡ್ಡಬಿದ್ದೆ.

"ನಾನೇ ಇಲ್ಲಿಗೆ ಬಂದ್ಬಿಡ್ತೀನಿ. ನಾಳೆ ನನ್ನ ಟ್ರಂಕು ತಂದುಬಿಡೋ."

ನನಗೆ ಗಳಗಳ ಅಳು ಬಂತು. ಅತ್ತೆ ನನ್ನ ಬೆನ್ನು ಸವರುತ್ತಾ ಮಗನಿಗೆ ಹೇಳಿದರು: "ನೋಡೋ, ನನ್ನ ಕಂಡ್ರೆ ಎಷ್ಟು ಪ್ರೀತಿ ಇವಳಿಗೆ!"