ಮೂರನೆಯ ಪ್ರಶ್ನೆ

ಸಿಸ್ಟರಮ್ಮ ಎಂದರೆ ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತಳಾದ ನರ್ಸು. ಊರ ಚರ್ಚಿನ ಸಭೆಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಹಾಗಾಗಿ ಯಾರು ಎಷ್ಟೇ ದೊಡ್ಡ ಮನುಷ್ಯರಾಗಿ ಮುಂದಿನ ಸಾಲಿನಲ್ಲಿ ಕೂತರೂ ಅವಳ ಕಣ್ಣಿಗೆ ಕಾಣುತ್ತಿದ್ದುದು ಅವರ ಬರಿಮೈಯೇ. ಅಂಥ ಗಟ್ಟಿಗಿತ್ತಿ ಗುರುವಾರ ಮಧ್ಯಾಹ್ನ ಪಾದ್ರಿಯ ಕೋಣೆಯ ಮುಂದೆ ಕಾಲು ಗಂಟೆ ನಿಂತಳು. ಬಾಗಿಲು ತಟ್ಟಲು ಕೈ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳ ಹೃದಯದ ಆಪರೇಷನ್. ಉಳಿಯುವುದು ಅರ್ಧಕ್ಕರ್ಧ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವಳು ಸಾವಿಗೆ ಅಂಜುವವಳಲ್ಲ. ನಲವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಸುಳ್ಳನ್ನು ಜೊತೆಗೊಯ್ಯಲು ಅಂಜಿದ್ದಳು. ಆ ಪಾಪವನ್ನು ಒಪ್ಪಿಕೊಂಡು, ದೇವರ ಹೆಸರಿನಲ್ಲಿ ಪಾದ್ರಿ ಹೇಳುವ ಕ್ಷಮೆಯ ಮಾತನ್ನು ಕಿವಿಯಾರೆ ಕೇಳಿದರೆ ಸಾಕಿತ್ತು, ಆಮೇಲೆ ಡಾಕ್ಟರು ಎಲ್ಲಿ ಬೇಕಾದರೂ ಕೊಯ್ಯಲಿ.

ಪಾದ್ರಿಯಾದರೂ ಎಂಥವನು? ನಿಯಮ ಎಂದರೆ ನಿಯಮ. ಒಂದು ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಮೂರು ಭಾನುವಾರ ಓದಬೇಕಿತ್ತು, ಎರಡೇ ಸಲ ಓದಿದ್ದು ಕೊನೇ ಗಳಿಗೆಯಲ್ಲಿ ಗೊತ್ತಾಯಿತು. ನೆಂಟರೆಲ್ಲ ಬಂದಿಳಿದ ಮೇಲೆ ಮದುವೆಯನ್ನೇ ಒಂದು ವಾರ ಮುಂದಕ್ಕೆ ಹಾಕಿದ ಪುಣ್ಯಾತ್ಮ ಅವನು. ಹುಡುಗಿಯ ಅಪ್ಪ ಗೋಗರೆದರೂ ಜಗ್ಗಲಿಲ್ಲ. ಬೈಯುತ್ತಲೇ ಜನ ಅವನನ್ನು ನಂಬಿದ್ದರು.

ಕೊನೆಗೂ ಒಳಗೆ ಹೋದಳು. ಪಾದ್ರಿ ಪಾಪನಿವೇದನೆ ಕೇಳುವಾಗ ಹಾಕುವ ನೇರಳೆ ಬಣ್ಣದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಮುಖ ಆಚೆ ತಿರುಗಿಸಿ ಕೂತ.

"ಹೇಳಿ ಸಿಸ್ಟರಮ್ಮ. ಇಲ್ಲಿ ಹೇಳಿದ್ದು ನನ್ನ ಬಾಯಿಂದ ಆಚೆ ಹೋಗಲ್ಲ. ಬಿಷಪ್ಪರು ಕೇಳಿದರೂ ಹೇಳೋ ಹಾಗಿಲ್ಲ, ಅದೇ ಕಾನೂನು."

ಸೋಮವಾರದ ಆಪರೇಷನ್ನಿನಿಂದ ಹಿಡಿದು ಎಲ್ಲವನ್ನೂ ಅವಳು ಹೇಳಿದಳು. ಎರಡು ಕೂಸು ಕಳೆದುಕೊಂಡಿದ್ದ ಒಬ್ಬ ಹೆಂಗಸಿಗೆ ಎಂಟನೇ ತಿಂಗಳಲ್ಲೇ ಮೂರನೆಯದು ಹುಟ್ಟಿತ್ತು. ಮೈಯೆಲ್ಲ ನೀಲಿ, ಉಸಿರಿಲ್ಲ. ಸಾಯುವ ಮೊದಲು ಕ್ರಿಸ್ತನ ಮಗುವಾಗಲಿ, ನೆತ್ತಿಗೆ ನೀರು ಹಾಕಿ ದೀಕ್ಷಾಸ್ನಾನವನ್ನಾದರೂ ಕೊಡಿ ಎಂದು ತಾಯಿ ಬಾಯಿ ಬಡಿದುಕೊಂಡಳು. ಪಾದ್ರಿ ಬರುವಷ್ಟು ಹೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು ಎನ್ನುತ್ತದೆ ಸಭೆಯ ನಿಯಮ. ಸಿಸ್ಟರಮ್ಮ ತಟ್ಟೆಯಲ್ಲಿದ್ದ ಬಟ್ಟಲು ಎತ್ತಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೆತ್ತಿಯ ಮೇಲೆ ಸುರಿದಳು. ಮಗು ಬೆಚ್ಚಿಬಿದ್ದು ವಾರ್ಡೇ ಎದ್ದು ಕೂರುವಂತೆ ಕಿರುಚಿತು. ಬದುಕಿತು! ಎಲ್ಲರೂ ಪವಾಡವೆಂದರು. ಆಮೇಲೆ ಬಟ್ಟಲು ತೊಳೆಯುವಾಗ ಅವಳ ಮೂಗಿಗೆ ವಾಸನೆ ಬಡಿಯಿತು. ಅದು ಕತ್ತರಿ ಅದ್ದಿಡುವ ಸ್ಪಿರಿಟ್ಟು. ನೀರಿನ ಬಟ್ಟಲು ಕಿಟಕಿಯ ಬಳಿ ಹಾಗೇ ಇತ್ತು.

"ಎಂಟು ದಿನದ ಮೇಲೆ ಮಗೂನ ಚರ್ಚಿಗೆ ತಂದ್ರು. ಆಗಿನ ಪಾದ್ರಿ ನಾಲ್ಕು ಪ್ರಶ್ನೆ ಕೇಳಿದ್ರು."

"ಕೇಳಲೇಬೇಕು," ಎಂದ ಪಾದ್ರಿ. "ಕೊಟ್ಟವರು ಯಾರು? ಎದುರಿಗೆ ಯಾರಿದ್ದರು? ಯಾವುದರಿಂದ ಕೊಟ್ಟಿರಿ? ಯಾವ ಮಾತು ಹೇಳಿದಿರಿ?"

"ಮೂರನೇದಕ್ಕೆ ನೀರು ಅಂದೆ."

ನಿಜ ಹೇಳಿದ್ದರೆ ಆ ಮುದುಕ ಪಾದ್ರಿ ಅಲ್ಲೇ ನೀರು ಸುರಿದು, ಎರಡು ನಿಮಿಷದಲ್ಲಿ ಎಲ್ಲ ಸರಿಮಾಡುತ್ತಿದ್ದರು. ಅಷ್ಟು ಸುಲಭವಿತ್ತು! ಆದರೆ ಹಸುಗೂಸಿನ ತಲೆಗೆ ಸ್ಪಿರಿಟ್ಟು ಸುರಿದವಳನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ? ಕೆಲಸ ಹೋಗುತ್ತದೆಂಬ ಭಯಕ್ಕೆ ನಾಲಿಗೆ ಹೊರಳಲಿಲ್ಲ. ಮಗುವಿನ ತಾಯಿ ಬೇರೆ ಅವಳನ್ನೇ ದೇವತೆಯ ಹಾಗೆ ನೋಡುತ್ತ ನಿಂತಿದ್ದಳು.

"ಆ ಮಗು ಈಗ ಎಲ್ಲಿದೆ?" ಪಾದ್ರಿ ಕೇಳಿದ. "ಬದುಕಿದ್ದರೆ ಇವತ್ತೇ ಸರಿಮಾಡಬಹುದು."

"ನೀನೇ, ಮಗೂ."

ಪಾದ್ರಿ ತಿರುಗಿ ನೋಡಿದ. ನೀರಿಲ್ಲದೆ ದೀಕ್ಷಾಸ್ನಾನವಿಲ್ಲ, ಅದಿಲ್ಲದವನು ಪಾದ್ರಿಯಾಗಲಾರ. ಇದನ್ನು ಇಬ್ಬರೂ ಯಾರಿಂದಲೂ ಕಲಿಯಬೇಕಿರಲಿಲ್ಲ. ಬಿಷಪ್ಪರು ಅವನ ತಲೆಯ ಮೇಲೆ ಕೈಯಿಟ್ಟು ಪಾದ್ರಿಯಾಗಿಸಿ ಹದಿನಾರು ವರ್ಷವಾಗಿತ್ತು.

ಅವನು ಎದ್ದು ಕಪಾಟಿನಿಂದ ದೀಕ್ಷಾಸ್ನಾನದ ಹಳೆಯ ರಿಜಿಸ್ಟರ್ ತೆಗೆದು, ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟ.

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ. ಅವಳು ಇರೋ ತನಕ ನನಗೆ ಬಾಯಿ ಬರಲಿಲ್ಲ."

ತಾಯಿ ತೀರಿಕೊಂಡು ಮೂರು ತಿಂಗಳಾಗಿತ್ತು.

"ಕೊನೇ ದಿನ ಅವಳಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟಿದ್ದು ನಾನೇ. ಕ್ಷಮೆಯ ಮಾತು ಹೇಳಿದ್ದೂ ನಾನೇ. ಬೇರೆ ಪಾದ್ರಿ ಬರ್ತೀನಿ ಅಂದ್ರು, ಬೇಡ ಅಂದೆ. ಮಗನೇ ಇದ್ದಾನಲ್ಲ ಅಂದೆ."

"ದೇವರು ಒಪ್ಪಿಕೊಂಡಿರ್ತಾನೆ, ಬಿಡಪ್ಪ."

"ದೇವರಿಗೆ ನಮ್ಮ ಕಟ್ಟುಪಾಡಿಲ್ಲ ಸಿಸ್ಟರಮ್ಮ. ಇರೋದು ನನಗೆ." ಅವನು ರಿಜಿಸ್ಟರ್ ಮುಚ್ಚಿದ. "ಬಿಷಪ್ಪರಿಗೆ ಹೇಳಬೇಕು. ನೀವು ಒಪ್ಪದೆ ಹೇಳೋ ಹಾಗಿಲ್ಲ. ಪಾದ್ರಿಯೇ ಅಲ್ಲದವನಿಗೆ ಆ ಕಾನೂನು ಇದೆಯೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ."

"ಹೇಳು. ನನ್ನ ಹೆಸರು ಹಿಡಿದೇ ಹೇಳು."

ಅವನು ಹೊರಗಿನ ನಲ್ಲಿಯಿಂದ ಒಂದು ಬಟ್ಟಲು ನೀರು ತಂದು ಅವಳ ಕೈಗೆ ಕೊಟ್ಟ. "ಇನ್ನೊಬ್ಬ ಪಾದ್ರಿ ಬರೋವರೆಗೆ ಹೀಗೇ ಇರೋಕೆ ನನ್ನಿಂದ ಆಗಲ್ಲ. ನೀವೇ ಮುಗಿಸಿ," ಎಂದು ನೆಲಕ್ಕೆ ಮೊಣಕಾಲೂರಿದ.

ಸಿಸ್ಟರಮ್ಮ ಬಟ್ಟಲನ್ನು ಮೂಸಿದಳು. ಸಾಲದೆಂದು ಒಂದು ಗುಟುಕು ಕುಡಿದೂ ನೋಡಿದಳು. ನಂತರ ಅದೇ ಮಾತು ಹೇಳುತ್ತ, ನರೆಯುತ್ತಿದ್ದ ಆ ತಲೆಯ ಮೇಲೆ ಮೂರು ಸಲ ಸುರಿದಳು. ಈ ಸಲ ಅವನು ಕಿರುಚಲಿಲ್ಲ. ಎದ್ದು ಕೊರಳಿನ ಪಟ್ಟಿ ತೆಗೆದು, ಮಡಿಸಿ ಡ್ರಾಯರಿನಲ್ಲಿಟ್ಟ.

"ಮಗೂ," ಎಂದಳು ಅವಳು. "ನಾನು ಬಂದದ್ದು ಕ್ಷಮೆಗೆ. ನೀನು ಆ ಮಾತು ಹೇಳಲೇ ಇಲ್ಲ."

"ನನ್ನ ಮಟ್ಟಿಗೆ ಕ್ಷಮಿಸ್ತೀನಿ. ಇವತ್ತಲ್ಲದಿದ್ದರೆ ಇನ್ನೊಂದು ದಿನ. ಆದರೆ ನಿಮಗೆ ಬೇಕಾಗಿರೋದು ಪಾದ್ರಿ ಹೇಳೋ ಮಾತು. ಬಿಷಪ್ಪರು ಹೊಸದಾಗಿ ಕೈಯಿಡೋವರೆಗೆ ಇಲ್ಲಿ ಪಾದ್ರಿ ಯಾರೂ ಇಲ್ಲ."

ನಲವತ್ತೆರಡು ವರ್ಷ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಬಿಟ್ಟು. ತನಗೆ ಕ್ಷಮೆ ಹೇಳಬೇಕಾದ ಬಾಯಿಯನ್ನು ಅಂದೇ ಕಟ್ಟಿಬಿಟ್ಟಿದ್ದಳು.

ಅವನು ಫೋನು ತೆಗೆದುಕೊಂಡು ಬಿಷಪ್ಪರ ಕಚೇರಿಯವರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದ. ನಂತರ ದನಿಯೇರಿಸಿ ಬೇಡಿಕೊಂಡ. ಕೂದಲಿಂದ ನೀರಿನ್ನೂ ತೊಟ್ಟಿಕ್ಕುತ್ತಿತ್ತು. ಮದುವೆ ಹುಡುಗಿಯ ಅಪ್ಪ ಹೀಗೇ ಬೇಡಿದ್ದನ್ನು ಸಿಸ್ಟರಮ್ಮ ಕಣ್ಣಾರೆ ಕಂಡಿದ್ದಳು.

"ಬಿಷಪ್ಪರು ಪ್ರಯಾಣದಲ್ಲಿದ್ದಾರಂತೆ," ಎಂದ ಫೋನಿಟ್ಟು. "ಪಕ್ಕದ ಸಭೆಯವರು ರಜೆಯಲ್ಲಿದ್ದಾರೆ. ದೂರದ ಊರಿಗೆ ಹೋಗೋಕೆ ನಿಮ್ಮ ಹೃದಯ ತಡೆಯಲ್ಲ, ಬೇರೆ ಯಾರನ್ನಾದರೂ ಇಲ್ಲಿಗೆ ಕಳಿಸೋಕೆ ಬಿಷಪ್ಪರ ಸಹಿ ಬೇಕು. ನಿಯಮವಂತೆ."

"ಯಾವಾಗ ಬರ್ತಾರೆ?"

ಅವನು ಅವಳ ಮುಖ ನೋಡಲಾರದೆ ನೆಲದ ಮೇಲಿನ ನೀರನ್ನು ಒರೆಸತೊಡಗಿದ.

"ಮಂಗಳವಾರ," ಎಂದ.