ಎರಡನೆಯ ಅಲೆ

ಸಂಜೆಯ ಮಂಜು ಬೀಳುವ ಮೊದಲು, ಒಣಗಿಸುವ ಅಟ್ಟಣಿಗೆಯ ಮೇಲೆ ಹರವಿದ್ದ ಉಪ್ಪುಮೀನನ್ನು ಚರ್ಮ ಮೇಲಾಗುವಂತೆ ತಿರುವಿ ಹಾಕುತ್ತಿದ್ದೆ. ಪಕ್ಕದಲ್ಲಿ ಅದೇ ಕೆಲಸದಲ್ಲಿದ್ದ ಡಾರ್ಕಸ್ ತಲೆ ಎತ್ತದೆ ಕೇಳಿದಳು: "ನಿಮ್ಮ ಯಜಮಾನ್ರು ಇವತ್ತೂ ಗುಡ್ಡ ಹತ್ತಿದ್ರೇನೆ, ಕೆಜಿಯಾ?" ಹೂಂ ಅಂದೆ. "ಇನ್ನು ಆ ಗುಡ್ಡಕ್ಕೆ ಬಾಡಿಗೆ ಕೇಳ್ತಾರೆ ನೋಡು." ಅವಳ ಗಂಡನೂ ಕಡಲಿಗೆ ಹೋಗಿ ಮರಳದವನೇ. ಹಾಗನ್ನುವ ಹಕ್ಕು ಅವಳಿಗಿತ್ತು.

ನಮ್ಮ ಮಗ ಆಸಾ ಇದ್ದ ಹಡಗು ಮಾರ್ಚ್‌ನಲ್ಲಿ ಗ್ಲಾಸ್ಟರ್ ಬಂದರು ಬಿಟ್ಟಿತ್ತು. ಜೊತೆಗೆ ಹೊರಟವೆಲ್ಲ ಬಂದು, ಮೀನು ಇಳಿಸಿ, ಮತ್ತೆ ಹೋಗಿದ್ದವು. ಹಡಗಿನ ಮಾಲೀಕರ ಕಟ್ಟೆಯಲ್ಲಿ ಬಾವುಟ ಸತ್ತವರಿಗಾಗಿ ಅರ್ಧಕ್ಕಿಳಿದು, ಕೆಲವು ದಿನ ಹಾಗೇ ಇದ್ದು, ಮೇಲಕ್ಕೂ ಹೋಗಿತ್ತು. ನನ್ನ ಯಜಮಾನರು ಓಬೆಡ್ ಮಾತ್ರ ಅದನ್ನು ನೋಡಿಯೇ ಇಲ್ಲ ಎಂಬಂತೆ ದಿನಾ ಗುಡ್ಡದಿಂದ ಕಡಲು ಕಾಯುತ್ತಿದ್ದರು. ಊಟಕ್ಕೆ ಆಸಾನ ತಟ್ಟೆಯನ್ನೂ ಇಡಬೇಕು, ಇಲ್ಲದಿದ್ದರೆ ತಾವು ಕೂರುವುದಿಲ್ಲ.

ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ನಿಘಂಟು ಮಾಡುವವರಿಗೆ ಕಡಲ ಜನರ ಮಾತುಗಳು ಬೇಕಂತೆ, ಒಬ್ಬೊಬ್ಬರು ಒಂದೊಂದು ಪದ ಬರೆದು ಕಳಿಸಿ ಎಂದು ಟೀಚರ್ ಮಿಸ್ ವಿನ್‌ಸ್ಲೋ ಏಪ್ರಿಲ್‌ನಲ್ಲೇ ಹೇಳಿದ್ದರು. ನಾನು 'ಲೋಗಿ' ಆರಿಸಿಕೊಂಡೆ. ಜ್ವರ ಬಿಟ್ಟೆದ್ದವನನ್ನು, ತುಂಬುಗಬ್ಬದ ಹಸುವನ್ನು, ಮೈಭಾರದ ಹಡಗನ್ನು ನಮ್ಮೂರಲ್ಲಿ ಹಾಗನ್ನುತ್ತೇವೆ. ಡಚ್ಚರು ಭಾರವಾಗಿ ಅಲುಗದ್ದಕ್ಕೆ 'ಲಾಗ್' ಅನ್ನುತ್ತಾರಂತೆ, ಅಲ್ಲಿಂದ ಬಂದಿರಬಹುದು, ಖಚಿತವಿಲ್ಲ ಎಂದರು ಮಿಸ್ ವಿನ್‌ಸ್ಲೋ. ಅದನ್ನು ಬರೆದೆ. ಯಾರ ಬಾಯಲ್ಲಿ ಕೇಳಿದ್ದು ಎಂದೂ ಬರೆಯಬೇಕಿತ್ತು.

ಕೊನೆಯ ಸಲ ಕೇಳಿದ್ದು ಹಡಗು ಹೊರಟ ದಿನ. ಆಸಾ ಚೀಲ ಕೆಳಗಿಟ್ಟು, "ಅಪ್ಪಾ, ಹಡಗು ಲೋಗಿ ಆಗಿದೆ, ಅಲೆಗೆ ಏಳ್ತಾನೇ ಇಲ್ಲ" ಅಂದಿದ್ದ. ಓಬೆಡ್ ನಕ್ಕಿದ್ದರು. "ಹೊಟ್ಟೆ ತುಂಬ ಮೀನಿಗೆ ಹಾಕೋ ಉಪ್ಪು ತುಂಬಿದಾರೆ ಕಣೋ. ಹಬ್ಬದೂಟ ಮುಗಿಸಿ ನೀನು ಏಳ್ತೀಯಲ್ಲ, ಹಂಗೆ. ಹೋಗು."

ಅರ್ಥದ ಜಾಗ ಖಾಲಿಯೇ ಉಳಿಯಿತು. ನಿಧಾನ, ಜಡ ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ಅಷ್ಟೇ ಅಲ್ಲವೆಂದು ಗೊತ್ತಿತ್ತು. ಪೂರ್ತಿ ಬಲ್ಲವರು ಓಬೆಡ್. ಅವರನ್ನು ಕೇಳುವುದು ಹೇಗೆ? ಕಾಗದ ಗಡಿಯಾರದ ಹಿಂದೆ ಸೇರಿತು.

ಮೀನು ತಿರುವಿ ಬಂದ ಆ ಸಂಜೆ ಓಬೆಡ್ ಗುಡ್ಡ ಇಳಿದು ಬಂದು, ಕುರ್ಚಿ ಹಿಡಿದು ನಿಂತು, ಬಹಳ ಹೊತ್ತಿನ ಮೇಲೆ ಕೂತರು. ಮೀನಿನ ಸಾರು ಮುಟ್ಟಲಿಲ್ಲ.

"ಗಡಿಯಾರದ ಹಿಂದೆ ಅದೇನು ಕಾಗದ?"

ಓದಿ ಹೇಳಿದೆ. ಆಸಾನ ಮಾತು ಬಂದ ಕಡೆ ಕಾಗದ ಕೆಳಗಿಟ್ಟೆ. ಅವರೇ ಆ ಮಾತನ್ನು ಪೂರ್ತಿ ಮಾಡಿದರು.

ಆಮೇಲೆ, "ನಿಧಾನ ಅಂತ ಬರೀಬೇಡ ಕಣೇ" ಅಂದರು. "ನಿಧಾನದ ಹಡಗು ತಡವಾಗಿಯಾದ್ರೂ ಅಲೆ ಮೇಲೆ ಏಳುತ್ತೆ. ಲೋಗಿ ಅಂದ್ರೆ, ಮೊದಲನೇ ಅಲೆಯಿಂದ ಇನ್ನೂ ಎದ್ದಿರಲ್ಲ, ಅಷ್ಟರಲ್ಲಿ ಎರಡನೇದು ಬಂದಿರುತ್ತೆ. ಹಾಗೆ ಬರಿ."

ಬರೆದೆ. ಅವರು ಎದ್ದು ಆಸಾನ ತಟ್ಟೆಯನ್ನು ಒರೆಸಿದರು. ಅದು ಒಣಗಿಯೇ ಇತ್ತು. ಕಪಾಟಿನಲ್ಲಿಟ್ಟು, ನನ್ನ ಕಡೆ ತಿರುಗದೆ ಕೇಳಿದರು: "ಅವನ ಹೆಸರು ಹಾಕಿದೀಯ?"

"ಹಾಕಿದೀನಿ."

"ನಂದೂ ಹಾಕು. ಹೋಗು ಅಂದೋನು ನಾನು ಅಂತ."

ಅದನ್ನು ಮಾತ್ರ ನಾನು ಬರೆಯಲಿಲ್ಲ. ಬೆಳಿಗ್ಗೆ ಅವರು ಗುಡ್ಡಕ್ಕೆ ಹೋಗಲಿಲ್ಲ, ಎಚ್ಚರವಿದ್ದರೂ ಹಾಸಿಗೆಯಿಂದಲೂ ಏಳಲಿಲ್ಲ. ಬಿಸಿಲಿಗೆ ಮೀನು ತಿರುವಲು ಹೋಗುವ ದಾರಿಯಲ್ಲಿ ಅಂಚೆ ಕಚೇರಿ ಹೊಕ್ಕು, ಕಾಗದವನ್ನು ಕಿಟಕಿಯೊಳಗೆ ಕೊಟ್ಟೆ.